ಸಪ್ಪನೆಯ ಎಡೆ

ಭಾರತಿಯ ಗಂಡ ಭಗವಂತರಾಯ ಸಾಯುವ ಮುಂಚೆ ಕೇಳಿದ್ದು ಹೊಲವಲ್ಲ, ಬಂಗಾರವಲ್ಲ, ಒಂದು ಚಿಟಿಕೆ ಉಪ್ಪು. ಹೆಂಡ ಮುಟ್ಟಿದವನಲ್ಲ ಪಾಪ. ಯಾವುದೋ ಕಾಮಾಲೆ ಸದ್ದಿಲ್ಲದೆ ಲಿವರ್ ಕೆಡಿಸಿ ಹೊಟ್ಟೆಯಲ್ಲಿ ನೀರು ತುಂಬಿತ್ತು. ಉಪ್ಪು ಬಂದ್ ಎಂದರು ಡಾಕ್ಟರು. ಭಾರತಿ ಮೊದಲೇ ಹಟದ ಹೆಂಗಸು, ಬಂದ್ ಎಂದರೆ ಬಂದ್. ಉಪ್ಪಿನ ಗಡಿಗೆಯ ಬಾಯಿಗೆ ಅರಿವೆ ಬಿಗಿದು ಮೇಲಿನ ಗೂಡಿಗೆ ಏರಿಸಿಬಿಟ್ಟಳು. ಕಡೆಕಡೆಗೆ ಅವನು ತಾಟು ದೂಡಿ, "ಸತ್ತಮ್ಯಾಲಾದ್ರೂ ಎಡಿಗಿ ಉಪ್ಪು ಹಾಕೇ ನಮ್ಮವ್ವ," ಎಂದು ನಕ್ಕ. ಆ ನಗು ಅವಳನ್ನು ಬಿಡಲಿಲ್ಲ.

ಅವನು ಹೋದ ಮೇಲೆ, ಲಿವರ್ ರೋಗಿಗಳಿಗೆ ನೆರವಾಗುವ ಶಹಾಪುರದ ಸಂಸ್ಥೆಯೊಂದರ ಬಾಗಿಲಿಗೆ ಹೋಗಿ ನಿಂತಳು. ಅದನ್ನು ನಡೆಸುವ ಹುಮೇರಾ ಸೇವೆಗೆ ಬಂದವರಿಗೆ ಹೇಳುವುದನ್ನೆಲ್ಲ ಹೇಳಿದಳು: ರೋಗಿಯ ಜೊತೆ ಕಲಬುರಗಿಯ ದವಾಖಾನೆಗೆ ಹೋಗಬಹುದು, ಫೋನಿನಲ್ಲಿ ಧೈರ್ಯ ಹೇಳಬಹುದು, ಸಂತೆಯಲ್ಲಿ ನಿಂತು ರಕ್ತ ತಪಾಸಣೆಗೆ ಜನರನ್ನು ಒಪ್ಪಿಸಬಹುದು.

"ನಿಮಗ ಯಾವ್ದು ಆಗ್ತದ್ರಿ ಅಕ್ಕಾರ?"

"ನಂಗ ಉಪ್ಪಿಲ್ದ ಅಡಗಿ ಬರ್ತದವ್ವ," ಎಂದಳು ಭಾರತಿ.

ಹಾಗೆ ತನ್ನೂರು ಸುರಪುರದಲ್ಲೇ ಹುಲಗಪ್ಪನ ಮನೆಯ ಒಲೆ ಅವಳ ಪಾಲಿಗೆ ಬಂತು. ಅವನದೂ ಅದೇ ರೋಗ, ಅದೇ ನೀರು ತುಂಬಿದ ಹೊಟ್ಟೆ, ಬಾತ ಕಾಲು. ನಿಂಬೆಹುಳಿ, ಬಳ್ಳೊಳ್ಳಿ, ಕೊತ್ತಂಬರಿ ಹಾಕಿ ಅವನ ನಾಲಿಗೆಗೆ ಮಂಕುಬೂದಿ ಎರಚುವುದನ್ನು ಅವನ ಹೆಂಡತಿಗೂ ಕಲಿಸತೊಡಗಿದಳು.

"ಉಪ್ಪಿಗಿಂತ ರುಚಿ ಇಲ್ಲ ಅಂತಾರ. ಈ ಭಾರತವ್ವ ಬಂದಮ್ಯಾಲ ಆ ಗಾದಿನೂ ಬಂದ್!" ಎಂದು ಗೊಣಗುತ್ತಲೇ ಹುಲಗಪ್ಪ ತಿಂದ. ಕಾಲಿನ ಬಾವು ಇಳಿಯಿತು.

ಆದರೆ ಅಲ್ಲಿ ಅವಳು ಸಾರಿನ ಗಡಿಗೆಗೆ ಮುಚ್ಚಳ ಹಾಕಿದಾಗಲೆಲ್ಲ ಬೆನ್ನ ಹಿಂದೆ ದನಿ ಬರುತ್ತಿತ್ತು. "ಒಂದ್ ಚಿಟಿಕಿ, ಭಾರತಿ." ತಿರುಗಿದರೆ ಬರೀ ಗೋಡೆ. ಹುಲಗಪ್ಪ ಪಡಸಾಲೆಯಲ್ಲಿ ಮಲಗಿರುತ್ತಿದ್ದ, ಮತ್ತು ಅದು ಅವನ ದನಿಯಲ್ಲ. ಯಾರಿಗೆ ಹೇಳುವುದು?

ಹಿರಿಯರಿಗೆ ಎಡೆ ಇಡುವ ಮಹಾನವಮಿ ಅಮಾವಾಸ್ಯೆ ಬಂತು, ಭಗವಂತರಾಯನಿಗೆ ಮೊದಲ ಎಡೆ. ಹಿರಿಯರ ಎಡೆಗೆ ಮಾಡಿದ್ದನ್ನು ಮೊದಲೇ ಯಾರೂ ರುಚಿ ನೋಡುವಂತಿಲ್ಲ. ಹೋಳಿಗೆ, ಅನ್ನ, ಸಾರು, ಅವನ ಪ್ರಾಣವಾಗಿದ್ದ ಬದನೆಕಾಯಿ ಎಣ್ಣೆಗಾಯಿ, ಎಲ್ಲವನ್ನೂ ಎಲೆಗೆ ಬಡಿಸಿ ಮಾಳಿಗೆಯ ಮೇಲಿಟ್ಟರು. ಕಾಗೆ ಬಂತು, ಎಲೆಯ ಸುತ್ತ ನಡೆದು, ಮುಟ್ಟದೆ ಕುಂಬಿ ಗೋಡೆಯ ಮೇಲೆ ಹೋಗಿ ಕೂತಿತು.

ಅತ್ತೆ ಸುಗಲಮ್ಮ ಕೈ ಮುಗಿದು ಮಗನಿಗೆ ಮಾತು ಕೊಡತೊಡಗಿದಳು. ಹೊಲ ಬೀಳು ಬಿಡುವುದಿಲ್ಲ ಎಂದಳು, ನಿನ್ನ ತಂಗಿಯನ್ನು ಕರೆದು ಸೀರೆ ಉಡಿಸುತ್ತೇನೆ ಎಂದಳು. ಕಾಗೆ ಅಲ್ಲಾಡಲಿಲ್ಲ. ಮುದುಕಿ ಸೊಸೆಯ ಕಡೆ ತಿರುಗಿದಳು.

"ನಿನ್ನ ಮ್ಯಾಲ ಸಿಟ್ಟದ ಅವಂಗ. ಅವನ ಬಾಯಿ ಕಟ್ಟಿದಿ, ಈಗ ಮಂದಿ ಬಾಯಿ ಕಟ್ಟಾಕತ್ತಿ. ಇನ್ನ ಹುಲಗಪ್ಪನ ಮನಿಗಿ ಹೋಗಂಗಿಲ್ಲ ಅಂತ ಮಾತು ಕೊಡು."

ಭಾರತಿ ಮುಟ್ಟದ ಎಲೆಯನ್ನು ನೋಡಿದಳು. ತಾನು ಬಿಟ್ಟರೆ ಹುಲಗಪ್ಪನ ಹೆಂಡತಿ ಕರಗಿ ಉಪ್ಪು ಹಾಕಿಯೇ ಹಾಕುತ್ತಾಳೆ. ಬಿಡದಿದ್ದರೆ ಗಂಡ ಹಸಿದೇ ಹೋಗುತ್ತಾನೆ.

"ಕೊಡು ಮಾತು!"

ಆಗ, ಅಂಥ ಹಾಡುಹಗಲಲ್ಲಿ, ಕಿವಿಯ ಬುಡದಲ್ಲೇ ಬಂತು: "ಒಂದ್ ಚಿಟಿಕಿ, ಭಾರತಿ."

ಅವಳು ದಡದಡನೆ ಕೆಳಗಿಳಿದು ಅಡುಗೆಮನೆಗೆ ಓಡಿದಳು. ಗೂಡಿನಲ್ಲಿ ಉಪ್ಪಿನ ಗಡಿಗೆ, ಅವನ ಪಥ್ಯಕ್ಕೆಂದು ಬಾಯಿಗೆ ಬಿಗಿದ ಅರಿವೆ ಬಿಗಿದಂತೆಯೇ ಇತ್ತು. ಅತ್ತೆ ಊಟಕ್ಕೆ ಕೂತಾಗ ತನಗೆ ಬೇಕಾದಷ್ಟು ಉಪ್ಪನ್ನು ಬೇರೊಂದು ಸೀಸೆಯಿಂದ ತಾನೇ ಉದುರಿಸಿಕೊಳ್ಳುತ್ತಿದ್ದಳು. ಭಾರತಿಯ ಕೈ ಉಪ್ಪನ್ನೇ ಮರೆತಿತ್ತು. ಸತ್ತವನಿಗೂ ಪಥ್ಯದ ಅಡುಗೆಯನ್ನೇ ಬಡಿಸಿದ್ದಳು!

ಅರಿವೆ ಕಿತ್ತು ಹಿಡಿ ತುಂಬ ಉಪ್ಪು ಮಾಳಿಗೆಗೆ ತಂದು, ಅನ್ನಕ್ಕೆ, ಎಣ್ಣೆಗಾಯಿಗೆ ಹಾಕಿ ಕಲಸಿದಳು. ಇನ್ನೂ ಕೈ ಎತ್ತಿರಲಿಲ್ಲ, ಕಾಗೆ ಎಲೆಯ ಮೇಲೆ ಎರಗಿತು.

"ಬ್ಯಾಡ್ರೀ! ಉಪ್ಪದ ಅದರಾಗ!"

ಕೂಗಿದ ಮೇಲೆಯೇ ತಾನು ಕೂಗಿದ್ದು ಅವಳಿಗೆ ಗೊತ್ತಾಯಿತು. ಕಾಗೆ ಹಿಂದೆ ಸರಿದು ಕತ್ತು ಓರೆ ಮಾಡಿ ಅವಳನ್ನೇ ನೋಡುತ್ತ ನಿಂತಿತು. ಭಾರತಿ ಅಲ್ಲೇ ಕೂತು, ಎಲೆಯನ್ನು ಅದರ ಕಡೆ ಸರಿಸಿದಳು.

"ತಿನ್ರಿ," ಎಂದಳು. "ಇನ್ನೇನೂ ಆಗಂಗಿಲ್ಲ. ತಿನ್ರಿ."