ಏಳನೇ ತೂತು

ಹಳೇ ಬಸ್ ಡಿಪೋ ಕೆಡವಿ ಅರವತ್ತು ಮನೆ ಕಟ್ಟುವ ಮುಂಚೆ ನೆಲದೊಳಗೆ ಏನಿದೆ ಎಂದು ನೋಡಿಬಿಡೋಣ ಎಂಬ ಬುದ್ಧಿ ನಗರಸಭೆಗೆ ಅದ್ಯಾವ ಪುಣ್ಯಾತ್ಮನಿಂದ ಬಂತೋ! ಅದಕ್ಕೆಂದು ಹಣವನ್ನೂ ಮಂಜೂರು ಮಾಡಿತ್ತು. ಇನ್ನೇನು, ಹೂವೆತ್ತಿದಷ್ಟು ಸುಲಭ ಎಂದುಕೊಂಡಿದ್ದಳು ಮಣ್ಣು ಪರೀಕ್ಷೆಯ ಇಂಜಿನಿಯರಮ್ಮ. ಎಂಟು ಕಡೆ ಕೊರೆಸುವುದು, ಮಣ್ಣನ್ನು ಲ್ಯಾಬಿಗೆ ಕಳಿಸುವುದು, ವರದಿಗೆ ಸಹಿ ಹಾಕುವುದು.

ಆ ಅರವತ್ತರಲ್ಲಿ ಒಂದು ಮನೆ ಚೀಟಿ ಎತ್ತಿದಾಗ ಅವಳ ತಂಗಿಯ ಪಾಲಿಗೆ ಬಂದಿತ್ತು; ಯಾವ ಮಹಡಿಯದು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಗಂಡ, ಅತ್ತೆ, ಎರಡು ಮಕ್ಕಳನ್ನು ಕಟ್ಟಿಕೊಂಡು ಏಗುತ್ತಿದ್ದ ತಂಗಿ, ಬೆಳಗಾದರೆ ಸಾಕು, "ಅಕ್ಕಾ, ಇನ್ನೆಷ್ಟು ದಿನ?" ಎಂದು ಫೋನು ಮಾಡುತ್ತಿದ್ದಳು.

ಎಂಟೂ ಕಡೆಯ ಮಣ್ಣು ಚೆನ್ನಾಗಿದೆ ಎಂಬ ಲ್ಯಾಬಿನ ವರದಿ ಕೈಸೇರಿದ ದಿನ, ಸಹಿ ಹಾಕುವ ಮುಂಚೆ ಇಂಜಿನಿಯರಮ್ಮ ನಕ್ಷೆ ಹಿಡಿದು ಜಾಗಕ್ಕೆ ಹೋದಳು. ನಕ್ಷೆಯಲ್ಲಿ ಏಳನೇ ಗುರುತು ಒಂದು ತಗಡಿನ ಶೆಡ್ಡಿನ ನಟ್ಟನಡುವೆ ಇತ್ತು. ಶೆಡ್ಡಿನ ಬೀಗಕ್ಕೆ ಜೇಡ ಬಲೆ ಕಟ್ಟಿತ್ತು.

"ಏಳನೇದನ್ನ ಎಲ್ಲಿ ಕೊರೆದ್ರಿ?"

ಕೊರೆಯುವ ಮೇಸ್ತ್ರಿ ಹನ್ನೆರಡು ಹೆಜ್ಜೆ ಆಚೆಗೆ ಕೈ ತೋರಿಸಿದ. "ಬೀಗ ಹಾಕಿತ್ತು ಮೇಡಂ, ಸ್ವಲ್ಪ ಈಚೆಗೆ ಹಾಕಿದ್ವಿ. ಮಣ್ಣು ಎಲ್ಲಿದ್ರೂ ಮಣ್ಣೇ ಅಲ್ವಾ."

"ಮತ್ತೆ ನಕ್ಷೇಲಿ ಶೆಡ್ ಒಳಗೇ ತೋರಿಸಿದೀರಲ್ಲ?"

"ಅದು ಸಭೇಲಿ ಪಾಸಾದ ನಕ್ಷೆ. ಅದನ್ನ ನಾವು ತಿದ್ದೋಕಾಗುತ್ತಾ?"

ಅವಳ ಮೈಯೆಲ್ಲ ಉರಿದುಹೋಯಿತು. ತೂತು ಒಂದು ಕಡೆ, ನಕ್ಷೆ ಇನ್ನೊಂದು ಕಡೆ, ಸಹಿ ಮಾತ್ರ ತನ್ನದು. ಡಿಪೋದ ಡೀಸೆಲ್ ಟ್ಯಾಂಕನ್ನು ಆ ಶೆಡ್ಡಿರುವ ಜಾಗದಲ್ಲೇ ಹೂತಿದ್ದರು ಎಂದು ನಿವೃತ್ತ ಮೆಕ್ಯಾನಿಕ್ ಒಬ್ಬರು ಹೇಳಿದ್ದಕ್ಕೇ ಅವಳು ಅಲ್ಲಿ ಗುರುತು ಹಾಕಿಸಿದ್ದು.

ಬೀಗದ ಕೈ ಹುಡುಕಿ ಹೊರಟಳು. ಉದ್ಯಾನ ವಿಭಾಗದವರು, "ಶೆಡ್ ನಮ್ಮದು, ಬೀಗ ನಮ್ಮದಲ್ಲ" ಎಂದರು. ಉಗ್ರಾಣದವರು, "ಬೀಗ ನಮ್ಮದೇ, ಕೀ ನೀರಿನ ವಿಭಾಗದಲ್ಲಿದೆ" ಎಂದರು. ನೀರಿನ ವಿಭಾಗದ ಗುಮಾಸ್ತ ತಲೆಯೆತ್ತದೆ, "ಶೆಡ್ ಯಾರದೋ ಅವರಿಂದ ಪತ್ರ ತನ್ನಿ" ಎಂದ. ಮೂರು ದಿನ ಅಲೆದು ಚಪ್ಪಲಿ ಸವೆಯಿತೇ ಹೊರತು ಕೀ ಸಿಗಲಿಲ್ಲ. ಕೊನೆಗೆ ಆಯುಕ್ತರ ಸಹಾಯಕ ಸಮಾಧಾನ ಹೇಳಿದ: "ಎಲ್ಲ ಚೆನ್ನಾಗೇ ಬಂದಿದೆಯಲ್ಲ ಮೇಡಂ. ಒಂದು ತೂತಿಗೆ ಯಾಕಿಷ್ಟು ತಲೆ ಕೆಡಿಸ್ಕೊಳ್ತೀರಿ? ಸಹಿ ಹಾಕಿ, ಜನ ಮನೆ ಸೇರ್ಕೊಳ್ಳಲಿ."

ಆ ರಾತ್ರಿ ಅವಳಿಗೂ ಹಾಗೇ ಅನ್ನಿಸಿತು, ಸುಳ್ಳೇಕೆ. ಸಹಿ ಹಾಕಿದರೆ ಕೇಳುವವರು ಯಾರೂ ಇಲ್ಲ, ತಂಗಿಯ ಪಾಡು ತಪ್ಪುತ್ತದೆ. ಹಾಗನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಮರುದಿನ ಬೀಗ ಒಡೆಸಿದಳು. ಇಷ್ಟು ದಿನ ಆ ಬೀಗ ಕಾಯುತ್ತಿದ್ದದ್ದು ಹುಲ್ಲು ಕತ್ತರಿಸುವ ಎರಡು ಕೆಟ್ಟ ಯಂತ್ರ, ಒಂದು ರಾಶಿ ಒಡಕು ಕುಂಡ! ಅವನ್ನೆಲ್ಲ ಹೊರಗೆಸೆದು ಕೊರೆದರು. ಹತ್ತಡಿಗೆ ಎಣ್ಣೆ ಜಿನುಗುವ ಕಪ್ಪು ಮಣ್ಣು ಮೇಲೆ ಬಂತು. ಡೀಸೆಲ್ ವಾಸನೆಗೆ ಮೇಸ್ತ್ರಿ ಮೂಗಿಗೆ ಟವೆಲು ಒತ್ತಿಕೊಂಡ.

"ಇದನ್ನ ತೆಗೆಯೋಕೆ ಎಷ್ಟು ದಿನ ಮೇಡಂ?"

"ಎರಡು ವರ್ಷ."

ಹಳೆಯ ವರದಿಗೆ ಅಡ್ಡಗೀಟು ಎಳೆದು, ಕಂಡದ್ದನ್ನು ಬರೆದು, ಅಲ್ಲೇ ಲಾರಿಯ ಬಾನೆಟ್ಟಿನ ಮೇಲೆ ಸಹಿ ಹಾಕಿದಳು. ತಂಗಿಯ ಫೋನು ಬಂತು, ಎತ್ತಲಿಲ್ಲ. ಫೋನಿನಲ್ಲಿ ಹೇಳುವ ಮಾತೇ ಅದು?

ಸಂಜೆ ತಂಗಿಯ ಮನೆಗೆ ನಡೆದಳು. ಆ ನೆಲದ ಮೇಲೆ ಮಕ್ಕಳನ್ನು ಮಲಗಿಸಬಾರದು, ಇನ್ನೂ ಸ್ವಲ್ಪ ತಡೆದುಕೋ ಎಂದು ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಬಾಗಿಲು ತೆರೆದದ್ದು ತಂಗಿಯ ಮಗಳು. ಒಳಗೆ ತಂಗಿ, ಅಕ್ಕ ಕೂರಲೆಂದು, ಸುತ್ತಿಟ್ಟ ಹಾಸಿಗೆಗಳನ್ನು ಅತ್ತೆಯ ಮಂಚದ ಕೆಳಗೆ ತಳ್ಳುತ್ತಿದ್ದಳು.

"ದೊಡ್ಡಮ್ಮಾ," ಎಂದಿತು ಮಗು, "ನಮಗೆ ಕೆಳಗಿನ ಮನೇನೇ ಕೊಡೋಕೆ ಹೇಳ್ತೀಯಾ? ಅಜ್ಜಿಗೆ ಮೆಟ್ಟಿಲು ಹತ್ತೋಕಾಗಲ್ಲ."