ಕಾಯುವ ಪಿಯಾನೊ

ಹೋಟೆಲಿನ ಊಟದ ಹಾಲ್‌ನಲ್ಲಿ ಅವಳು ಪಿಟೀಲು ನುಡಿಸಲು ತೊಡಗಿ ಇಪ್ಪತ್ತೆರಡು ವರ್ಷವಾಗಿತ್ತು. ಈಚಿನವರೆಗೂ ಪಕ್ಕದಲ್ಲಿ ಪಿಯಾನೊ ನುಡಿಸಿದವನು ಅವಳ ಅಣ್ಣ. ಅವನ ಕಿವಿ ಮಂದವಾದ ಮೇಲೆ ಹೋಟೆಲಿನವರು ಅದೇ ಪಿಯಾನೊಗೆ ಯಂತ್ರದ ಬುದ್ಧಿ ಕೂರಿಸಿದರು. ಈಗ ಕುರ್ಚಿ ಖಾಲಿ. ಕೀಗಳು ತಾವಾಗಿಯೇ ಇಳಿದು ಏಳುತ್ತವೆ.

ಅದು ತಪ್ಪು ಮಾಡುತ್ತಿರಲಿಲ್ಲ. ಅವಳು ನಿಧಾನಿಸಿದರೆ ನಿಧಾನಿಸುತ್ತಿತ್ತು, ಅವಸರಿಸಿದರೆ ಅವಸರಿಸುತ್ತಿತ್ತು. ಮೊದಮೊದಲು ಹಾಯೆನಿಸಿತು. ಆರು ತಿಂಗಳಲ್ಲಿ ಸುಸ್ತಾಗಿ ಹೋದಳು. ಮೊದಲಾಗಿದ್ದರೆ ಭುಜ ನೋಯುವ ದಿನ ಎರಡು ಸಾಲು ಅಣ್ಣನ ಮೇಲೆ ಹಾಕಿ ಉಸಿರು ಬಿಡಬಹುದಿತ್ತು. ಅವನು ಗೊಣಗುತ್ತಲೇ ಎಳೆದುಕೊಂಡು ಹೋಗುತ್ತಿದ್ದ. ಈಗ ಪ್ರತಿ ಸಾಲನ್ನೂ ತಾನೇ ಎಳೆಯಬೇಕು.

ಒಂದು ಮಧ್ಯಾಹ್ನ, ನಾಲ್ಕನೆಯ ಹಾಡಿನ ನಡುವೆ, ಅವಳು ಕಮಾನು ಇಳಿಸಿಬಿಟ್ಟಳು. ಬೇಕೆಂದೇನಲ್ಲ, ಕೈ ಏಳಲಿಲ್ಲ. ಪಿಯಾನೊ ಒಂದೇ ಸ್ವರವನ್ನು ಮೆಲ್ಲಗೆ ಮತ್ತೆ ಮತ್ತೆ ನುಡಿಸುತ್ತ ಕಾಯತೊಡಗಿತು. ಅವಳು ಹೊರಡದೆ ಅದು ಹೊರಡುವುದಿಲ್ಲ. ಊಟಕ್ಕೆ ಕೂತವರು ಹಾಡು ಮುಗಿಯಿತೆಂದುಕೊಂಡು ಚಪ್ಪಾಳೆ ತಟ್ಟಿದರು.

ಯಂತ್ರ ಕೆಟ್ಟಿದೆಯೆಂದು ಮ್ಯಾನೇಜರ್ ರಿಪೇರಿಯವನನ್ನು ಕರೆಸಿದ. ಅವನು ಬಿಚ್ಚಿ ನೋಡಿ, ಏನೂ ಕೆಟ್ಟಿಲ್ಲ, ಹಿಂಬಾಲಿಸಲೆಂದೇ ಇದಕ್ಕೆ ಕಲಿಸಿದ್ದಾರೆ ಎಂದ. ಮ್ಯಾನೇಜರ್ ಅತ್ತ ಹೋದ ಮೇಲೆ ಅವಳು ರಿಪೇರಿಯವನ ಹತ್ತಿರ ಬಂದಳು.

"ನನ್ನ ಹಿಂದೆ ಬರೋದು ಸಾಕು. ಅದೇ ಮುಂದೆ ಹೋಗೋ ಹಾಗೆ ಮಾಡೋಕಾಗುತ್ತಾ?"

"ಆಗುತ್ತೆ. ಆದ್ರೆ ಆಮೇಲೆ ನಿಮಗೋಸ್ಕರ ನಿಲ್ಲಲ್ಲ."

"ನಿಲ್ಲೋದೇ ಬೇಡ."

ಮರುದಿನ ಪಿಯಾನೊ ಮುಂದೆ ನಡೆಯಿತು. ಮೊದಲ ಹಾಡು, ಯಾರದೋ ಬೆನ್ನ ಹಿಂದೆ ಯೋಚನೆಯಿಲ್ಲದೆ ನಡೆದ ಹಾಗೆ ಕಳೆಯಿತು. ಎರಡನೆಯದರಲ್ಲಿ ಅರ್ಧ ಸಾಲು ಹಿಂದೆ ಬಿದ್ದಳು. ಅಣ್ಣನಾಗಿದ್ದರೆ ಓರೆಗಣ್ಣಲ್ಲಿ ನೋಡಿ, ಒಳಗೊಳಗೇ ಬೈದುಕೊಂಡು, ಒಂದು ಗಳಿಗೆ ತಡೆಯುತ್ತಿದ್ದ. ಇದು ತಡೆಯಲಿಲ್ಲ. ಬೆವರು ಸುರಿಸಿಕೊಂಡು ಓಡಿ ಹಿಡಿದಳು.

ಸಂಜೆ ಅಣ್ಣನ ಕಿವಿಯ ಹತ್ತಿರ ಬಾಯಿಟ್ಟು ಎಲ್ಲ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡು, "ನಾನು ಅವಸರ ಮಾಡ್ತೀನಿ ಅಂತ ಇಷ್ಟು ವರ್ಷ ನನ್ನ ತಲೆ ತಿಂದ್ಯಲ್ಲ," ಎಂದ. ಅವಳಿಗೆ ನಗು ಬಂತು. ನಕ್ಕರೂ ಭುಜ ನೋಯುತ್ತಿತ್ತು.

ಬೆಳಿಗ್ಗೆ ರಿಪೇರಿಯವನಿಗೆ ಫೋನ್ ಮಾಡಿ, ದಿನದ ಐದು ಹಾಡುಗಳಲ್ಲಿ ಎರಡಕ್ಕೆ ಮಾತ್ರ ಯಂತ್ರ ಮುಂದಿರಲಿ ಎಂದಳು. ಯಾವ ಎರಡು ಎಂದು ಅವನು ಕೇಳಿದ.

"ಕೊನೇ ಎರಡು. ಅಷ್ಟು ಹೊತ್ತಿಗೆ ನನಗೆ ಸಾಕಾಗಿರುತ್ತೆ."