ಹಳದಿ ಕೊಕ್ಕು, ಕರಿ ಕೊಕ್ಕು

"ಬಾಗಲಾ ತೆಗಿ. ಎಟ್ಟೊತ್ತು ಹಿಡ್ಕೊಂಡು ನಿಂದರ್ತಿ?"

ಖಾನಾಪುರದ ಅಡವಿಯಂಚಿನಲ್ಲಿ ಶಾಂತಮ್ಮ ಸೊಸೆಯನ್ನು ಗದರಿದಳು. ರಾಜಮತಿ ಪಂಜರ ಹಿಡಿದು ನಿಂತಿದ್ದಳು. ಮುದುಕಿಯ ಪೊರೆಗಣ್ಣಿಗೆ ಗಿಳಿ ಎಷ್ಟು ಕಂಡೀತು ಎಂಬುದಷ್ಟೇ ಅವಳ ಅಂಜಿಕೆ.

ಭಾದ್ರಪದದ ಪರ್ವದಲ್ಲಿ ಒಂದು ಜೀವ ಬಿಡಿಸಿದರೆ ಪುಣ್ಯ. ಜೈನರ ಮನೆಯಲ್ಲಿ ಇದಕ್ಕೆ ಯಾರು ಎದುರಾಡುತ್ತಾರೆ? ಆದರೆ ಶಾಂತಮ್ಮನಿಗೆ ಬೇಕಿದ್ದುದು ಪುಣ್ಯವಲ್ಲ, ನಿದ್ದೆ. ಎರಡು ವರ್ಷದ ಹಿಂದೆ ಇನ್‌ಫ್ಲುಯೆಂಜಾ ಜ್ವರದಲ್ಲಿ ಬೇಯುತ್ತಿದ್ದ ಮೊಮ್ಮಗಳು ಕಾಂತಾ ಸಂಜೆಯ ಮೇಲೆ ನೀರು ಕೇಳಿದ್ದಳು. ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟಬಾರದೆಂಬ ನೇಮ ಕೂಸಿಗೆ, ರೋಗಿಗೆ ಇಲ್ಲವೆಂದು ಬಸದಿಯ ಪಂಡಿತರೇ ಹೇಳಿದ್ದರೂ ಮುದುಕಿ ಕೊಡಲಿಲ್ಲ, ತಾಯಿಗೂ ಕೊಡಗೊಡಲಿಲ್ಲ. ಬೆಳಗಾಗುವಷ್ಟರಲ್ಲಿ ಕೂಸು ಹೋಯಿತು. ಹಾಸಿಗೆಯ ಮೇಲೆ ತೂಗುತ್ತಿದ್ದ ಗಿಳಿ ಮಾತ್ರ ಅಂದಿನಿಂದ ದಿನಾ ಮುಸ್ಸಂಜೆಗೆ ಆ ಮಗುವಿನ ದನಿಯಲ್ಲೇ ಕರೆಯುತ್ತಿತ್ತು: "ಅಜ್ಜೀ, ನೀರ."

ರಾಜಮತಿಗೆ ಅದು ಮಗಳ ಉಳಿದ ದನಿ, ಅತ್ತೆಯನ್ನು ಚುಚ್ಚುವ ಮುಳ್ಳು ಕೂಡ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಅವಳ ಕಾಲ ಆ ಪಂಜರದಲ್ಲಿತ್ತು. ಹಕ್ಕಿ ಹಿಡಿಯುವ ಮಾಯಪ್ಪನಿಂದ ಬೇರೊಂದು ಗಿಳಿ ಕೊಂಡು, ತನ್ನದನ್ನು ಬಾಜೂಮನೆಯ ಚಂದ್ರವ್ವನಲ್ಲಿ ಅಡಗಿಸಿಟ್ಟು ಬಂದಿದ್ದಳು.

"ಎರಡೂ ನಮ್ಮ ಅಡವ್ಯಾಗಿನ್ವು, ಅಕ್ಕ ತಂಗಿ ಇದ್ದಂಗ," ಎಂದಿದ್ದ ಮಾಯಪ್ಪ. "ತಲಿ ಬೂದಿ ಬಣ್ಣ, ಬಾಲ ಉದ್ದ. ನಿಮ್ಮದಕ್ಕ ಕೊಕ್ಕ ಕರಿ, ರೆಕ್ಕಿ ನೀಲಿ. ಇದಕ್ಕ ಕೊಕ್ಕ ಹಳದಿ, ರೆಕ್ಕಿ ಹಸರ. ಮುದುಕಿ ಕಣ್ಣಿಗೆ ಎಲ್ಲಿ ತಿಳೀತೈತ್ರಿ?"

ರಾಜಮತಿ ಬಾಗಿಲು ತೆಗೆದಳು. ಗಿಳಿ ಹಾರಿತು, ಹಾರುತ್ತ ಟುಯ್ ಟುಯ್ ಎಂದು ಇಂಪಾಗಿ ಕೂಗಿತು.

ಮುಗಿಯಲೆಂದು ಎತ್ತಿದ್ದ ಶಾಂತಮ್ಮನ ಕೈ ಅಲ್ಲೇ ನಿಂತಿತು. "ನಮ್ಮದರ ಗಂಟಲಾ ಒರಟ. ಕಣ್ಣ ಹೋಗ್ಯಾವ, ಕಿವಿ ಅಲ್ಲ. ಎಲ್ಲಿಟ್ಟಿ ಅದನ್ನ?"

"ಅದು ಎಲ್ಲೂ ಹೋಗೂದಿಲ್ರಿ. ನೀವಿರೂತನಕ ಮನ್ಯಾಗ ಇರತೈತಿ."

ರೈಲಿನಲ್ಲಿ ಇಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಕೂತು ಬಂದರು. ಬೆಳಗಾವಿ ತಲುಪಿದಾಗ ಕತ್ತಲು ಕವಿಯುತ್ತಿತ್ತು. ರಾಜಮತಿ ನೆಟ್ಟಗೆ ಚಂದ್ರವ್ವನ ಮನೆಗೆ ಹೋಗಿ ಗಿಳಿಯನ್ನು ತಂದು ಪಡಸಾಲೆಯಲ್ಲಿ ತೂಗುಹಾಕಿದಳು. ಅದು ಕೊಕ್ಕನ್ನು ಸರಳಿಗೆ ತಿಕ್ಕಿ ಕರೆಯಿತು, "ಅಜ್ಜೀ, ನೀರ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಶಾಂತಮ್ಮ ಗೋಡೆ ಸವರುತ್ತ ಹೊರಗೆ ಬಂದಳು. ಕೈಯಲ್ಲಿದ್ದ ಬಟ್ಟಲಿನಿಂದ ನೀರು ಅವಳ ಬೆರಳ ಮೇಲೆ ತುಳುಕುತ್ತಿತ್ತು. ಪಂಜರ ಇನ್ನೇನು ಕೈಗೆ ಸಿಗಬೇಕು, ರಾಜಮತಿ ಅಡ್ಡ ನಿಂತಳು.

"ಹೊತ್ತ ಮುಳುಗೇತ್ರಿ, ಅತ್ತಿ," ಎಂದಳು.

ಮುದುಕಿ ಮುಂದೆ ಬರಲಿಲ್ಲ, ಬಟ್ಟಲನ್ನು ಕೆಳಗಿಡಲೂ ಇಲ್ಲ. ಗಿಳಿ ಮತ್ತೊಮ್ಮೆ ಕರೆಯಿತು.